ಐದನೆಯ ಹೆಸರು

ಕಾಲೇಜಿನ ನೋಟೀಸ್ ಬೋರ್ಡಿಗೆ ಅಂಟಿಸಿದ್ದ ಪಟ್ಟಿಯಲ್ಲಿ ಪುಟ್ಟಲಕ್ಷ್ಮಿಯ ಹೆಸರು ಐದನೆಯದು. ಸರ್ಕಾರದ ವಿದ್ಯಾರ್ಥಿವೇತನ ಆ ವರ್ಷ, ಎಂಬತ್ತಾರನೆಯ ಇಸವಿಯಲ್ಲಿ, ಆ ಕಾಲೇಜಿಗೆ ಬಂದದ್ದು ನಾಲ್ಕೇ ನಾಲ್ಕು. ಇಷ್ಟೇ ಆಗಿದ್ದರೆ ಅವಳ ತಾಯಿ ಯಶೋದಮ್ಮ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ಪಟ್ಟಿಯ ತುದಿಯಲ್ಲಿ, ಮೊದಲನೆಯ ಹೆಸರಾಗಿ, ದಾಕ್ಷಾಯಿಣಿ ಇದ್ದಳು. ದಾಕ್ಷಾಯಿಣಿ ಪಕ್ಕದ ಮನೆಯ ಶಿವಗಂಗಮ್ಮನ ಮಗಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ರೊಟ್ಟಿ ತಟ್ಟಿದರೆ ಈ ಕಡೆ ಗೋಡೆಯ ಕ್ಯಾಲೆಂಡರ್ ಅಲುಗುತ್ತಿತ್ತು.

"ಮೇಲಿನ ನಾಲ್ವರಲ್ಲಿ ಯಾರದಾದ್ರೂ ಆದಾಯ ಜಾಸ್ತಿ ಅಂತ ಗೊತ್ತಾದ್ರೆ ನಿಮ್ಮ ಹುಡುಗಿಗೆ ಬರುತ್ತಮ್ಮ," ಎಂದ ಕಾಲೇಜಿನ ಗುಮಾಸ್ತ. "ಐದೂ ಮನೆಗೆ ರೆವಿನ್ಯೂ ಇನ್‌ಸ್ಪೆಕ್ಟರ್ ಬರ್ತಾರೆ. ಕಣ್ಣಾರೆ ನೋಡಿ ಬರ್ಕೊಂಡು ಹೋಗ್ತಾರೆ."

"ಆ ಮೊದಲ್ನೇ ಹುಡುಗಿ..." ಎಂದು ಯಶೋದಮ್ಮ ರಾಗ ಎಳೆದಳು.

"ಅದಕ್ಕೇನಮ್ಮ, ಅಪ್ಪ ಇಲ್ಲ. ದಿವಂಗತ ಅಂತ ಬರ್ದಿದೆ. ಅದನ್ನ ಯಾರೂ ಅಲ್ಲಾಡಿಸೋಕಾಗಲ್ಲ."

ಮನೆಗೆ ಬರುವ ಬಸ್ಸಿನಲ್ಲಿ ಯಶೋದಮ್ಮ ಅದನ್ನೇ ಯೋಚಿಸಿದಳು. ತನ್ನ ಮಗಳ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ 'ಉಗ್ರಪ್ಪ, ಹಿಟ್ಟಿನ ಗಿರಣಿ' ಎಂದಿತ್ತು. ದಾಕ್ಷಾಯಿಣಿಯದರಲ್ಲಿ 'ದಿವಂಗತ ರೇವಣಸಿದ್ದಪ್ಪ'. ಒಂದು ಪದ. ಅದೊಂದು ಪದ ಇಲ್ಲೂ ಇದ್ದಿದ್ದರೆ ಐದನೆಯ ಹೆಸರು ಮೇಲಕ್ಕೆ... ಯೋಚನೆ ಅಲ್ಲಿಯವರೆಗೆ ಹೋದದ್ದೇ ತಡ, ಅವಳ ಕೈ ತಾಳಿಯನ್ನು ಹುಡುಕಿತು. ಪಕ್ಕದಲ್ಲಿ ಕೂತವಳಿಗೆ ಕಾಣದಂತೆ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಒತ್ತಿಕೊಂಡ ಮೇಲೂ ಹೊಟ್ಟೆಕಿಚ್ಚು ಹೋಗಲಿಲ್ಲ.

ರೇವಣಸಿದ್ದಪ್ಪ ಯಶವಂತಪುರದ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ. ದಾವಣಗೆರೆ ಕಡೆಯವನು. ಎರಡು ವರ್ಷದ ಹಿಂದೆ ಕಾಮಾಲೆಯಾಗಿ ಹನ್ನೊಂದು ದಿನದಲ್ಲಿ ತೀರಿಕೊಂಡ. ಆಗ ಕುರುಬರಹಳ್ಳಿಯ ಆ ವಠಾರದಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವಳು ಯಶೋದಮ್ಮ. ಅದು ಸುಳ್ಳು ಅಳುವಲ್ಲ. ಆ ಮನೆಗೆ ವಾರಗಟ್ಟಲೆ ಅನ್ನ ಸಾರು ಕೊಟ್ಟುಕಳಿಸಿದವಳೂ ಅವಳೇ. ಶಿವಗಂಗಮ್ಮನಿಗೆ ಆಗ ಮೂವತ್ತೈದು. ಅವಳು ಅಳಲಿಲ್ಲ. ಊರಿಗೆ ಹೊರಡುತ್ತಾಳೆ ಎಂದುಕೊಂಡರೆ ಹೊರಡಲೂ ಇಲ್ಲ. ಹೊಲಿಗೆ ಮಿಷನ್ನನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಕೂತಳು. ಬೀದಿಯ ಅರ್ಧ ಹೆಂಗಸರ ರವಿಕೆ ಈಗ ಅವಳ ಕೈಯದು.

ಕಷ್ಟದಲ್ಲಿದ್ದವರಿಗೆ ಕೊಡುವುದು ಯಶೋದಮ್ಮನಿಗೆ ಎಂದೂ ಭಾರವೆನಿಸಿರಲಿಲ್ಲ. ಅವರು ಕಷ್ಟದಲ್ಲೇ ಇರಬೇಕು, ಅಷ್ಟೆ. ಶಿವಗಂಗಮ್ಮ ಬೆನ್ನು ಬಾಗಿಸದೆ ನಡೆಯುತ್ತಿದ್ದಳು. ಎರಡೇ ಸೀರೆಯನ್ನು ಮಡಿಕೆ ಮುರಿಯದಂತೆ ಉಡುತ್ತಿದ್ದಳು. ವಠಾರದ ಯಜಮಾನಿ ಅಕ್ಕಯ್ಯಮ್ಮ ಉಳಿದವರನ್ನೆಲ್ಲ "ಏನಮ್ಮೀ" ಎನ್ನುವವಳು, ಅವಳನ್ನು ಮಾತ್ರ "ನೋಡಿ ಶಿವಗಂಗಮ್ಮ" ಎನ್ನುತ್ತಿದ್ದಳು.

ಎಲ್ಲಕ್ಕಿಂತ ಉರಿಸುತ್ತಿದ್ದದ್ದು ಜೋಳ. ಉಗ್ರಪ್ಪನ ಗಿರಣಿಯಲ್ಲಿ ರಾಗಿಗೊಂದು ಕಲ್ಲು, ಗೋಧಿಗೊಂದು ಕಲ್ಲು. ಆ ಬೀದಿಯಲ್ಲಿ ಜೋಳ ಬೀಸಿಸುವ ಮನೆ ಒಂದೇ. ಆ ಒಂದು ಮನೆಯ ಎರಡು ಸೇರು ಜೋಳಕ್ಕಾಗಿ ಉಗ್ರಪ್ಪ ಪ್ರತಿ ಬುಧವಾರ ಮಧ್ಯಾಹ್ನ ಊಟ ಮುಂದಕ್ಕೆ ಹಾಕಿ, ಕಲ್ಲು ಬಿಚ್ಚಿ ಒರೆಸಿ, ಮತ್ತೆ ಕೂರಿಸಿ ಬೀಸಿಕೊಡುತ್ತಿದ್ದ.

"ರಾಗಿ ಬೆರೆತ್ರೆ ರೊಟ್ಟಿ ಹರಿದುಹೋಗುತ್ತಂತೆ ಕಣೇ," ಎನ್ನುತ್ತಿದ್ದ.

"ನಮ್ಮನೆ ಚಪಾತಿ ಹಿಟ್ಟಲ್ಲಿ ಮೆಣಸಿನಪುಡಿ ಘಾಟು ಬಂದು ಮೂರು ತಿಂಗಳಾಯ್ತು. ಅದು ನಿಮ್ಮ ಗಮನಕ್ಕೆ ಬಂದಿದ್ಯಾ?"

"ಹೌದಾ? ನಾನು ನೀನೇ ಹಾಕ್ತೀಯ ಅಂದ್ಕೊಂಡಿದ್ದೆ."

ಹೆಸರಿಗೆ ಉಗ್ರಪ್ಪ. ಮನೆಯಲ್ಲಿ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಆ ಹತ್ತರಲ್ಲಿ ಎರಡನ್ನು ಅವನು ಬುಧವಾರ ಪಕ್ಕದ ಮನೆಯ ಬಾಗಿಲಲ್ಲಿ, ಹಿಟ್ಟಿನ ಚೀಲ ಇಳಿಸುತ್ತ ಆಡುತ್ತಾನೆ ಎಂಬುದು ಯಶೋದಮ್ಮನಿಗೆ ಗೊತ್ತಿತ್ತು. "ತಗೊಳ್ಳಿ" ಮತ್ತು "ಬಿಸಿ ಇದೆ".

ಇದಕ್ಕೆಲ್ಲ ಉತ್ತರ ಎಂಬಂತೆ ಅವಳು ಆ ಯುಗಾದಿಗೆ ತನ್ನ ಚೀಟಿ ಎತ್ತಿ ಟಿ.ವಿ. ತಂದಿದ್ದಳು. ಇಪ್ಪತ್ತು ಇಂಚಿನದು, ಕಪ್ಪು ಬಿಳುಪು, ಎಳೆದು ಮುಚ್ಚುವ ಮರದ ಬಾಗಿಲು. ವಠಾರದ ಆರು ಮನೆಗೆ ಅದೊಂದೇ. ವಾರಕ್ಕೊಮ್ಮೆ ಸಿನಿಮಾ ಬರುವ ಹೊತ್ತಿಗೆ ನಡುಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಸಿನಿಮಾ ಶುರುವಾದೊಡನೆ ಚಿತ್ರ ನಡುಗುತ್ತಿತ್ತು. ಉಗ್ರಪ್ಪ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದ.

"ಬಂತಾ?"

"ಇನ್ನೂ ಇಲ್ಲ! ಆ ಕಡೆ!"

"ಈಗ ಬಂತಾ?"

"ಬಂತು ಬಂತು... ಅಯ್ಯೋ ಹೋಯ್ತು! ಅಲ್ಲೇ ನಿಂತ್ಕೊಳ್ರೀ, ಕೈ ತೆಗೀಬೇಡಿ!"

ಕೂತವರೆಲ್ಲ ನಗುತ್ತಿದ್ದರು. ಎಲ್ಲರೂ ಬರುತ್ತಿದ್ದರು, ಶಿವಗಂಗಮ್ಮ ಒಬ್ಬಳನ್ನು ಬಿಟ್ಟು. ಕರೆದರೆ, "ಹೊಲಿಗೆ ಅದ ಅಕ್ಕಾರೆ," ಎನ್ನುತ್ತಿದ್ದಳು. ತೆರೆಯ ಮೇಲೆ ನಾಯಕಿ ಬಿಕ್ಕಿ ಅಳುವಾಗಲೂ ಗೋಡೆಯಾಚೆ ಮಿಷನ್ನು ಕಟಕಟ ಎನ್ನುತ್ತಲೇ ಇರುತ್ತಿತ್ತು. ಯಶೋದಮ್ಮನಿಗೆ ಅರ್ಧ ಸಿನಿಮಾ ಕಿವಿಗೆ ಬೀಳುತ್ತಿರಲಿಲ್ಲ.

ಈಗ ಇನ್‌ಸ್ಪೆಕ್ಟರ್ ಸೋಮವಾರ ಬರುತ್ತಾರೆ ಎಂದಾಗ ಆ ಟಿ.ವಿ.ಯೇ ಗಂಟಲಿಗೆ ಸಿಕ್ಕಿಕೊಂಡಿತು.

ಉಗ್ರಪ್ಪ ಮೊದಲೇ ಹೇಳಿದ್ದ: "ಟಿ.ವಿ. ತಗೊಂಡ ವರ್ಷವೇ ಕಾಲೇಜೂ ಅಂದ್ರೆ ನನ್ನ ಕೈಲಾಗಲ್ಲ ಕಣೇ. ಸರ್ಕಾರದ್ದು ಬಂದ್ರೆ ಬಿ.ಎಸ್ಸಿ. ಮಾಡ್ಲಿ. ಇಲ್ಲಾಂದ್ರೆ ಟೈಪಿಂಗ್ ಕಲೀಲಿ." ಪುಟ್ಟಲಕ್ಷ್ಮಿ ಎರಡು ದಿನ ಮಾತು ಬಿಟ್ಟಿದ್ದಳು.

ಇಂಥ ಸಮಯದಲ್ಲಿ ಏನು ಮಾಡಬೇಕೆಂಬುದು ಆ ವಠಾರದಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಸರ್ಕಾರದವರು ನೋಡಲು ಬರುವ ದಿನ ಮನೆ ಬರಿದು ಮಾಡುವುದು. ಫ್ಯಾನು, ಮಿಕ್ಸಿ, ಸ್ಟೀಲು ಡಬ್ಬ ಎಲ್ಲ ಪಕ್ಕದ ಮನೆಗೆ. ಅವರು ಹೋದ ಮೇಲೆ ವಾಪಸ್ಸು. ಹಿಂದಿನ ವರ್ಷ ಕೊನೆಯ ಮನೆಯ ಮುನಿಯಣ್ಣ ಸಾಲದ ಅರ್ಜಿಗೆ ಹೀಗೆ ಮಾಡಲು ಹೋಗಿ ಹಾಸಿಗೆ, ಚಾಪೆ, ಕುಡಿಯುವ ಲೋಟವನ್ನೂ ಬಿಡದೆ ಸಾಗಿಸಿದ್ದ. ಬಂದವರು, "ನೀವು ಮಲಗೋದೆಲ್ಲಪ್ಪಾ?" ಎಂದು ಕೇಳಿದಾಗ, "ಮಲಗಲ್ಲ ಸಾರ್," ಎಂದಿದ್ದ. ಅದನ್ನು ನೆನೆದು ವಠಾರ ಇನ್ನೂ ನಗುತ್ತಿತ್ತು.

ಟಿ.ವಿ. ಇಡುವುದೆಲ್ಲಿ? ಅಕ್ಕಯ್ಯಮ್ಮನ ಮನೆ ಗೇಟಿಗೇ ಎದುರು, ಒಳಗೆ ಬರುವವರ ಕಣ್ಣಿಗೆ ಮೊದಲು ಬೀಳುವುದೇ ಅದು. ಉಳಿದ ಮನೆಗಳಲ್ಲಿ ಮಕ್ಕಳು, ಮಂಚ, ಜಾಗವಿಲ್ಲ. ಜಾಗವಿದ್ದದ್ದು ಪಕ್ಕದ ಮನೆಯಲ್ಲಿ, ಅಲ್ಲಿ ಸಾಮಾನೇ ಇರಲಿಲ್ಲವಾದ್ದರಿಂದ. ಯಶೋದಮ್ಮನಿಗೆ ಇನ್ನೊಂದು ಆಸೆಯೂ ಇತ್ತು. ಈಗಲಾದರೂ ಅವಳು ಅದನ್ನು ಹತ್ತಿರದಿಂದ ನೋಡಲಿ.

"ಶಿವಗಂಗಮ್ಮ, ಸೋಮವಾರ ಒಂದು ದಿನದ ಮಟ್ಟಿಗೆ..."

"ತಂದಿಡ್ರಿ ಅಕ್ಕಾರೆ."

"ಅಲ್ಲ, ದೊಡ್ಡದು ಅದು. ಇಪ್ಪತ್ತಿಂಚು."

"ಇರ್ಲಿ, ಜಾಗ ಅದ."

"ನಿಮ್ಮನೆಗೆ ಯಾವಾಗ ಬರ್ತಾರಂತೆ?"

"ಮುಂದಿನ ವಾರ ಅಂದಾರ್ರಿ," ಎಂದು ಶಿವಗಂಗಮ್ಮ ದಾರ ಕಚ್ಚಿ ತುಂಡರಿಸಿದಳು. ಅಷ್ಟೇ. ಟಿ.ವಿ.ಯ ಬಗ್ಗೆ ಅವಳ ಬಾಯಿಂದ ಒಂದು ಮಾತು ಕೇಳಬೇಕೆಂದಿದ್ದ ಯಶೋದಮ್ಮ ಅದು ಸಿಗದೆ ಹಿಂದಿರುಗಿದಳು.

ಸೋಮವಾರ ಬೆಳಗ್ಗೆ ಹಾಲಿನವನು ಬರುವ ಮೊದಲೇ ಉಗ್ರಪ್ಪ ಮತ್ತು ಪುಟ್ಟಲಕ್ಷ್ಮಿ ಟಿ.ವಿ.ಯನ್ನು ಸಾಗಿಸಿದರು. ಆಮೇಲೆ ಮಿಕ್ಸಿ, ಟೇಬಲ್ ಫ್ಯಾನು, ಮಡಿಸುವ ಕಬ್ಬಿಣದ ಕುರ್ಚಿ. ಆಂಟೆನಾದ ವೈರು ಕಿಟಕಿಯಲ್ಲಿ ನೇತಾಡುತ್ತಿತ್ತು.

"ಇದನ್ನ ನೋಡಿ ಕೇಳಲ್ವಾ?" ಎಂದಳು ಯಶೋದಮ್ಮ.

ಉಗ್ರಪ್ಪ ಮಾಳಿಗೆ ಹತ್ತಿ ವೈರನ್ನು ಎಳೆದು ಆ ಕಡೆಯ ಕಿಟಕಿಗೆ ಇಳಿಬಿಟ್ಟ. ಕೆಳಗೆ ಬಂದು ಕೈ ಒರೆಸಿಕೊಳ್ಳುತ್ತ, "ಸುಳ್ಳು ಹೇಳೋದು ನನಗೆ ಬರಲ್ಲ ಕಣೇ," ಎಂದ.

"ಹೇಳ್ಬೇಡಿ. ಸುಮ್ನಿರಿ. ಅದು ಬರುತ್ತಲ್ಲ."

ಎಲ್ಲ ಸರಿಯಾಯಿತೇ ಎಂದು ನೋಡಲು ಅವಳು ಪಕ್ಕದ ಮನೆಗೆ ಹೋದಳು. ಹೋಗಬಾರದಿತ್ತು. ಶಿವಗಂಗಮ್ಮ ಟಿ.ವಿ.ಯನ್ನು ಗೋಡೆಗೆ ಒತ್ತಿದ್ದ ಟ್ರಂಕಿನ ಮೇಲೆ ಇರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ತಾನೇ ಹೆಣೆದ ಬಿಳಿಯ ಕ್ರೋಶಾ ಬಟ್ಟೆ ಹಾಸಿದ್ದಳು. ಬಾಗಿಲಿನ ಬೆಳಕು ಅದರ ಮೇಲೆ ಬೀಳುತ್ತಿತ್ತು. ತನ್ನ ಮನೆಯಲ್ಲಿ ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಒಂದು ತಲೆಯಾಡಿಸುವ ಬೊಂಬೆ, ಬೊಂಬೆಯ ಕತ್ತಿನಲ್ಲಿ ಪುಟ್ಟಲಕ್ಷ್ಮಿಯ ರಿಬ್ಬನ್ನು. ಇಲ್ಲಿ ಅದು ಹುಟ್ಟಿದಾಗಿನಿಂದ ಇದೇ ಮನೆಯಲ್ಲಿ ಇದ್ದ ಹಾಗೆ ಕೂತಿತ್ತು.

"ಬಟ್ಟೆ ಯಾಕೆ ಹಾಕಿದ್ರಿ?"

"ಧೂಳು ಬೀಳ್ತದಲ್ರಿ."

ಹನ್ನೊಂದರ ಹೊತ್ತಿಗೆ ಇನ್‌ಸ್ಪೆಕ್ಟರ್ ಬಂದರು. ಕೊಡೆ, ಫೈಲು, ಬೆವರು. ವಯಸ್ಸಾದವರು, ಮಾತು ಮೃದು. ಉಗ್ರಪ್ಪ ಗಿರಣಿ ಮುಚ್ಚಿ, ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಓಡಿಬಂದಿದ್ದ. ಅವರು ಚಾಪೆಯ ಮೇಲೆ ಕೂತು ನಾಲ್ಕೂ ಗೋಡೆಯನ್ನು ನೋಡಿದರು.

"ಗಿರಣಿ ಇದೆ ಅಂತೀರಿ. ಮನೇಲಿ ಇಷ್ಟೇನಾ?"

"ಇಷ್ಟೇ ಸಾರ್," ಎಂದಳು ಯಶೋದಮ್ಮ.

ಅವರು ದನಿ ತಗ್ಗಿಸಿ ಕೇಳಿದರು. "ಯಜಮಾನ್ರು ಕುಡೀತಾರೇನಮ್ಮ?"

"ಅಯ್ಯೋ! ಕಾಫಿ ಬಿಟ್ರೆ ಏನೂ ಮುಟ್ಟಲ್ಲ ಸಾರ್!"

"ಇರ್ಲಿ ಬಿಡಿ," ಎಂದರು ಅವರು, ನಂಬದೆ. ಉಗ್ರಪ್ಪನ ಕಡೆ ನೋಡಿ ತಲೆಯಾಡಿಸಿದರು. ಯಶೋದಮ್ಮ ತಂದಿಟ್ಟ ಕಾಫಿಯನ್ನೂ, "ಬೇಡಮ್ಮ, ಹಾಲು ಮಕ್ಕಳಿಗಿರ್ಲಿ," ಎಂದು ಹಿಂದಕ್ಕೆ ಸರಿಸಿದರು. ಆ ಒಂದು ಮಾತಿಗೆ ಅವಳ ಕಿವಿ ಬಿಸಿಯಾಯಿತು. ಈ ನಡುಮನೆಯಲ್ಲಿ ವಾರಕ್ಕೊಮ್ಮೆ ಮೂವತ್ತು ಜನ ಕೂರುತ್ತಾರೆ ಎಂದು ಕೂಗಿ ಹೇಳಬೇಕೆನಿಸಿತು. ಹಲ್ಲು ಕಚ್ಚಿಕೊಂಡಳು. ಅವರು ಬರೆದರು. ಮಿತಿಯೊಳಗೆ ಎಂದೇ ಬರೆದಿರಬೇಕು.

ಅವಳು ಉಸಿರು ಬಿಡುವಷ್ಟರಲ್ಲಿ ಅವರು ಇನ್ನೊಂದು ಹಾಳೆ ತೆಗೆದರು. "ಇದೇ ವಠಾರದಲ್ಲಿ ಇನ್ನೊಂದು ಇದೆಯಲ್ಲ, ದಿವಂಗತ ರೇವಣಸಿದ್ದಪ್ಪ. ಅದಕ್ಕೋಸ್ಕರ ಮುಂದಿನ ವಾರ ಮತ್ತೆ ಯಾಕೆ ಈ ಬಿಸಿಲಲ್ಲಿ ಬರ್ಲಿ? ಈಗಲೇ ಮುಗಿಸ್ಬಿಡ್ತೀನಿ. ಕಂಡದ್ದನ್ನ ಬರ್ದು ಅಕ್ಕಪಕ್ಕದವರ ಹತ್ರ ಸಹಿ ಹಾಕಿಸ್ಬೇಕು. ಗಂಡ ಹೆಂಡ್ತಿ ಇಬ್ರೂ ಬನ್ನಿ."

ಯಶೋದಮ್ಮ ಕಾಫಿ ಲೋಟವನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. ಉಗ್ರಪ್ಪ ಅವಳ ಮುಖ ನೋಡಿದ. ಅಷ್ಟರಲ್ಲಿ ಅವರು ಪಕ್ಕದ ಬಾಗಿಲಲ್ಲಿ, "ಅಮ್ಮಾ, ಒಳಗೆ ಬರ್ಬಹುದಾ?" ಎನ್ನುತ್ತಿದ್ದರು.

ಶಿವಗಂಗಮ್ಮ ಎದ್ದು ಕುರ್ಚಿ ಬಿಡಿಸಿಕೊಟ್ಟಳು. ಯಶೋದಮ್ಮನ ಕುರ್ಚಿ. ಅವರು ಕೂತು ಹಾಯೆನಿಸಿ ಬೆನ್ನು ಚಾಚಿದರು. ಯಶೋದಮ್ಮನ ಫ್ಯಾನು ಅವರಿಗೆ ಗಾಳಿ ಬೀಸುತ್ತಿತ್ತು. ಬೆಳಗಿನಿಂದ ಸೆಕೆಯೆಂದು ದಾಕ್ಷಾಯಿಣಿ ಹಾಕಿದ್ದಳು. ಅವರ ಕಣ್ಣು ಟ್ರಂಕಿನ ಮೇಲೆ ನಿಂತಿತು.

"ಟಿ.ವಿ. ಯಾವಾಗ ತಗೊಂಡ್ರಮ್ಮ?"

ಶಿವಗಂಗಮ್ಮ ಮಿಷನ್ನಿನ ಪಕ್ಕದಲ್ಲಿ ನಿಂತಿದ್ದಳು. ಮಾತಾಡಲಿಲ್ಲ. ನೆಲವನ್ನು ನೋಡಲಿಲ್ಲ, ಯಶೋದಮ್ಮನನ್ನೂ ನೋಡಲಿಲ್ಲ. ದಾಕ್ಷಾಯಿಣಿ ಅಡುಗೆಮನೆಯ ಬಾಗಿಲಿಂದ ಏನೋ ಹೇಳಲು ಬಂದವಳು ತಾಯಿಯ ಮುಖ ಕಂಡು ನಿಂತಳು.

ಇನ್‌ಸ್ಪೆಕ್ಟರ್ ಎದ್ದು ಕಿಟಕಿಯಲ್ಲಿ ಇಣುಕಿ ವೈರು ಇಳಿದದ್ದನ್ನು ನೋಡಿದರು. ಮತ್ತೆ ಕೂತರು. "ತಪ್ಪು ಅಂತ ಅಲ್ಲಮ್ಮ. ಮನೇಲಿ ಬೇಜಾರು ಕಳೀಬೇಕಲ್ಲ. ಆದ್ರೆ ಟಿ.ವಿ., ಮಿಕ್ಸಿ, ಫ್ಯಾನು ಇರೋ ಮನೆಗೆ ಆದಾಯ ಇಲ್ಲ ಅಂತ ನಾನು ಹೇಗೆ ಬರೀಲಿ? ನೀವೇ ಹೇಳಿ." ಪೆನ್ನಿನ ಮುಚ್ಚಳ ತೆಗೆದರು.

ಮೊದಲನೆಯ ಹೆಸರು ಹೋಯಿತು ಎಂದು ಯಶೋದಮ್ಮನಿಗೆ ಅರ್ಥವಾಯಿತು. ಎರಡನೆಯದು ಮೊದಲನೆಯದಾಯಿತು, ಐದನೆಯದು ನಾಲ್ಕನೆಯದಾಯಿತು. ತಾನು ಏನನ್ನೂ ಮಾಡಬೇಕಾಗಿರಲಿಲ್ಲ. ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ಆ ಪೆನ್ನು ಹಾಳೆಯ ಕೆಳಗಿನವರೆಗೆ ಇಳಿಯುವ ತನಕ ಸುಮ್ಮನಿದ್ದರೆ ಸಾಕು. ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗೆ ಆ ಮೌನವನ್ನು ಅವಳು ಇಟ್ಟುಕೊಂಡಳು. ಅದರ ಸಿಹಿ ನಿಜಕ್ಕೂ ಗೊತ್ತಾಯಿತು.

ಇನ್‌ಸ್ಪೆಕ್ಟರ್ ಬರೆಯುತ್ತ ಬರೆಯುತ್ತ ತಲೆ ಎತ್ತಿದರು. "ಆದ್ರೂ ಮನೆ ಅಂದ್ರೆ ಹೀಗಿರ್ಬೇಕು. ಗಂಡ ಇಲ್ದೆ ಒಂಟಿ ಹೆಣ್ಣುಮಗಳು ಸೂಜಿ ಹಿಡ್ಕೊಂಡು ಇಷ್ಟು ಮಾಡ್ಕೊಂಡಿದಾರೆ. ಟಿ.ವಿ. ಇಟ್ಟಿರೋ ಒಪ್ಪ ನೋಡಿ." ಅವರು ಕ್ರೋಶಾ ಬಟ್ಟೆಯ ಅಂಚನ್ನು ಬೆರಳಲ್ಲಿ ಮುಟ್ಟಿದರು. "ನೋಡಿ ಕಲ್ತ್ಕೊಳ್ಳಿ ಯಜಮಾನ್ರೇ. ನೀವೂನೂ ಅಮ್ಮ. ಗಂಡ ದುಡೀತಾ ಇದ್ರೂ ನಿಮ್ಮನೇಲಿ ಒಂದು ಕುರ್ಚಿಗೆ ಗತಿ ಇಲ್ಲ."

ಯಶೋದಮ್ಮ ಆಗಲೂ ತಡೆದುಕೊಂಡಳು. ತಡೆದುಕೊಳ್ಳಬಹುದಿತ್ತು.

ಆಗ ಉಗ್ರಪ್ಪ ಗಂಟಲು ಸರಿಮಾಡಿಕೊಂಡ.

ಹದಿನೆಂಟು ವರ್ಷದ ಸಂಸಾರದಲ್ಲಿ ಅವನು ಯಾವುದಕ್ಕೂ ಗಂಟಲು ಸರಿಮಾಡಿಕೊಂಡವನಲ್ಲ. ಅವಳ ತಮ್ಮ ಅವನನ್ನು ಹೀಗಳೆದಾಗ ಇಲ್ಲ, ರಾಗಿಗೆ ಕಲ್ಲು ಬೆರೆಸಿದ ಎಂದು ಗಿರಾಕಿ ಕಾಲರ್ ಹಿಡಿದಾಗಲೂ ಇಲ್ಲ. ಈಗ ಶಿವಗಂಗಮ್ಮನ ಕಡೆ ನೋಡಿ, ಹಿಟ್ಟು ಮೆತ್ತಿದ ರೆಪ್ಪೆಯನ್ನು ಎರಡು ಸಲ ಬಡಿದು, "ಸಾರ್..." ಎಂದ. ಕೊಟ್ಟುಬಿಡುತ್ತಾನೆ ಎಂದು ಯಶೋದಮ್ಮನಿಗೆ ಹೊಳೆಯಿತು. ನನ್ನ ಚೀಟಿಯ ಟಿ.ವಿ.ಯನ್ನು, ನನ್ನ ಮಗಳ ಓದನ್ನು, ಬುಧವಾರದ ಹಿಟ್ಟು ಕೊಟ್ಟ ಹಾಗೆ ಅವಳ ಬಾಗಿಲಲ್ಲಿ ಇಳಿಸಿಬಿಡುತ್ತಾನೆ. "ತಗೊಳ್ಳಿ" ಎನ್ನುತ್ತಾನೆ. ಆ ಮಾತು ಅವನ ಬಾಯಿಂದ ಬರಬಾರದು.

"ಅದು ನಮ್ದು!"

ದನಿ ಎಷ್ಟು ಜೋರಾಗಿತ್ತೆಂದರೆ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದ ಅಕ್ಕಯ್ಯಮ್ಮ ಎದ್ದು ನಿಂತಳು.

"ಏನಮ್ಮ?" ಎಂದರು ಇನ್‌ಸ್ಪೆಕ್ಟರ್.

"ಟಿ.ವಿ. ನಮ್ದು ಸಾರ್. ಅವರದಲ್ಲ. ನಾನು ನನ್ನ ಚೀಟಿ ಎತ್ತಿ ತಗೊಂಡಿದ್ದು. ಎಡಗಡೆ ಬಾಗಿಲಲ್ಲಿ ಗೆರೆ ಇದೆ ನೋಡಿ, ನನ್ನ ಮಗಳ ಬಳೆ ತಾಗಿದ್ದು. ನಿಲ್ಲಿ, ರಸೀತಿ ತರ್ತೀನಿ."

ಯಾರೂ ರಸೀತಿ ಕೇಳಿರಲಿಲ್ಲ. ಅವಳು ಓಡಿಹೋಗಿ ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟಿದ್ದ ಕಾಗದವನ್ನು ಅಕ್ಕಿ ಉದುರುತ್ತಿರುವಂತೆಯೇ ತಂದು ಅವರ ಮುಂದೆ ಹಿಡಿದಳು. "ಓದಿ ಸಾರ್. ಶ್ರೀಮತಿ ಯಶೋದಮ್ಮ, ಕುರುಬರಹಳ್ಳಿ. ಆ ಮಿಕ್ಸಿನೂ ನಮ್ದೇ. ಫ್ಯಾನೂ ನಮ್ದೇ. ನೀವು ಕೂತಿರೋ ಕುರ್ಚೀನೂ ನಮ್ದೇ."

ಇನ್‌ಸ್ಪೆಕ್ಟರ್ ಕುರ್ಚಿಯಿಂದ ಅರ್ಧ ಎದ್ದರು. ಮತ್ತೆ ಕೂತರು. ರಸೀತಿಯನ್ನು ಓದಿದರು. ಅವರ ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಅದು ನಿಲ್ಲದೆ ನಗು ಬಂತು.

"ಹಾಗಾದ್ರೆ ನಿಮ್ದು ಯಾವುದಮ್ಮ?" ಎಂದು ಶಿವಗಂಗಮ್ಮನನ್ನು ಕೇಳಿದರು.

"ಈ ಮಿಷನ್ನು, ಟ್ರಂಕು. ಆ ಬಟ್ಟೆ," ಎಂದಳು ಅವಳು.

ಅವರು ಎರಡೂ ಮನೆಯ ಹಾಳೆಯಲ್ಲಿ ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ಹೊಲಿಗೆ ಯಂತ್ರವೊಂದನ್ನು ಬಿಟ್ಟು ಬೆಲೆಬಾಳುವ ವಸ್ತು ಯಾವುದೂ ಇರುವುದಿಲ್ಲ ಎಂಬ ಆ ಹಾಳೆಗೆ ಯಶೋದಮ್ಮ ಸಹಿ ಹಾಕಿದಳು. 'ಮ್ಮ' ಗೆರೆಯಿಂದ ಆಚೆಗೆ ಹೋಯಿತು.

"ಸುಳ್ಳು ಹೇಳಿದ್ದಕ್ಕೆ ನಿಮ್ಮನ್ನ ಬಿಡಬಾರದು," ಎಂದರು ಅವರು ಹೊರಡುತ್ತ. "ಆದ್ರೆ ಇನ್ನೊಬ್ಬರ ಮಗಳ ಓದು ಕೆಡಬಾರದು ಅಂತ ನಿಮ್ಮದನ್ನೇ ಬಿಟ್ಟುಕೊಟ್ರಲ್ಲ. ಇಷ್ಟು ವರ್ಷದಲ್ಲಿ ನಾನು ನೋಡಿಲ್ಲಮ್ಮ." ಅವಳಿಗೆ ಕೈ ಮುಗಿದರು.

ವಠಾರದಲ್ಲಿ ಆ ದಿನ ಬೇರೆ ಮಾತಿಲ್ಲ. ಅಕ್ಕಯ್ಯಮ್ಮ ಒದ್ದೆ ಕೈಯಲ್ಲೇ ಅವಳ ಗಲ್ಲ ಹಿಡಿದು, "ನೋಡಿ ಯಶೋದಮ್ಮ," ಎಂದಳು. ಎಷ್ಟು ವರ್ಷದಿಂದ ಕೇಳಬೇಕೆಂದಿದ್ದ ಮಾತು ಅದು. ಕೇಳಿದಾಗ ಏನೂ ಆಗಲಿಲ್ಲ.

ಪುಟ್ಟಲಕ್ಷ್ಮಿ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅತ್ತಳು. ಹೊರಗೆ ಬಂದು, "ಅವರ ಮಗಳಿಗೋಸ್ಕರ ನನ್ನದನ್ನ ಕೊಟ್ಟೆ. ನಾನು ಯಾರು ನಿನಗೆ?" ಎಂದಳು. ಅವಳಿಗೋಸ್ಕರ ಅಲ್ಲ ಕಣೇ, ನನ್ನ ಹೊಟ್ಟೆಯ ಉರಿಗೋಸ್ಕರ ಎಂದು ಯಶೋದಮ್ಮ ಮಗಳಿಗೆ ಹೇಳುವುದೆ?

ಊಟಕ್ಕೆ ಕೂತಾಗ ಉಗ್ರಪ್ಪ ಅವಳ ತಟ್ಟೆಯನ್ನೂ ತಂದು ಪಕ್ಕದಲ್ಲಿಟ್ಟ. "ನಾನೇ ಹೇಳ್ಬೇಕು ಅಂತಿದ್ದೆ. ನೀನು ನನಗಿಂತ ಮೊದ್ಲು ಹೇಳ್ದೆ."

"ನೀವು ಹೇಳ್ತಿದ್ರಾ?"

"ಇನ್ನೇನು ಮತ್ತೆ. ಪಾಪ ಅಲ್ವಾ?" ಅನ್ನ ಕಲಸುತ್ತ ಅವನು ತಲೆ ತಗ್ಗಿಸಿದ. "ನಿನ್ನ ಮನಸ್ಸು ಇಷ್ಟು ದೊಡ್ಡದು ಅಂತ ನನಗೆ ಗೊತ್ತಿರ್ಲಿಲ್ಲ ಕಣೇ."

ಆ ದಿನಕ್ಕೆ ಅವನ ಮಾತು ಹತ್ತನ್ನು ದಾಟಿತ್ತು. ಎಲ್ಲವೂ ಅವಳಿಗೇ. ಯಶೋದಮ್ಮ ಅನ್ನ ಬಿಟ್ಟು ಮಜ್ಜಿಗೆ ಕುಡಿದು ಎದ್ದಳು.

ಮುಂದಿನ ತಿಂಗಳು ದಾಕ್ಷಾಯಿಣಿಯ ವೇತನ ಮಂಜೂರಾಯಿತು. ಅವಳು ಪುಸ್ತಕಗಳನ್ನು ಎದೆಗವಚಿಕೊಂಡು ಬಸ್ ಸ್ಟಾಪಿನ ಕಡೆ ಹೋಗುವುದನ್ನು ಪುಟ್ಟಲಕ್ಷ್ಮಿ ಬಾಗಿಲಲ್ಲಿ ನಿಂತು ನೋಡಿದಳು. ಮಗಳು ನೋಡುವುದನ್ನು ತಾಯಿ ನೋಡಿದಳು. ಮೂರನೆಯ ದಿನ ಯಶೋದಮ್ಮನೇ ಗಂಡನಿಗೆ, "ಟಿ.ವಿ. ಮಾರ್ಬಿಡಿ. ಫೀಸು ಕಟ್ಟಿ," ಎಂದಳು. ಅದನ್ನೂ ಉಗ್ರಪ್ಪ ದೊಡ್ಡ ಮನಸ್ಸು ಎಂದುಕೊಂಡ. ನಿಜ ಹೇಳಬೇಕೆಂದರೆ, ವಾಪಸ್ಸು ಬಂದ ಮೇಲೆ ಆ ಟಿ.ವಿ. ಅವಳದಾಗಿ ಉಳಿದಿರಲಿಲ್ಲ. ಪ್ಲಾಸ್ಟಿಕ್ ಹೊದಿಕೆ ಹಾಕಿದರೂ ಅವಳಿಗೆ ಕಾಣುತ್ತಿದ್ದದ್ದು ಬಿಳಿಯ ಕ್ರೋಶಾ.

ಮೂಡಲಪಾಳ್ಯದ ದಿನಸಿ ಅಂಗಡಿಯವನೊಬ್ಬ ಕೊಂಡ. ಶನಿವಾರ ಟಿ.ವಿ. ಒಯ್ದ. ಆಂಟೆನಾವನ್ನು ಬಿಚ್ಚಿಡಿ, ಭಾನುವಾರ ಸಂಜೆ ಬರ್ತೀನಿ ಎಂದಿದ್ದ.

ಭಾನುವಾರ ಸಿನಿಮಾದ ಹೊತ್ತಿಗೆ ಯಾರೂ ಬರಲಿಲ್ಲ. ಉಗ್ರಪ್ಪ ಮಾಳಿಗೆಯ ಮೇಲೆ ಸ್ಪ್ಯಾನರ್ ಹಿಡಿದು ಕೂತಿದ್ದ. ಯಶೋದಮ್ಮ ಬರಿಯ ಸ್ಟ್ಯಾಂಡನ್ನು ಒರೆಸುತ್ತಿದ್ದಾಗ ಬಾಗಿಲಲ್ಲಿ ಶಿವಗಂಗಮ್ಮ ನಿಂತಿದ್ದಳು. ಕೈಯಲ್ಲಿ ಬಟ್ಟೆ ಸುತ್ತಿದ ರೊಟ್ಟಿ, ಮೇಲೊಂದು ಡಬ್ಬಿಯಲ್ಲಿ ಶೇಂಗಾ ಚಟ್ನಿ. ಒಳಗೆ ಬಂದು, ಯಾರೂ ಹೇಳದೆ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಆ ಮನೆಯಲ್ಲಿ ಅವಳು ಕೂತದ್ದು ಅದೇ ಮೊದಲು.

"ಇವತ್ತು ಹೊಲಿಗೆ ಇಲ್ವಾ?" ಯಶೋದಮ್ಮನ ದನಿ ಮೊನಚಾಗಿಯೇ ಇತ್ತು.

"ಅದ."

ಯಶೋದಮ್ಮ ಸ್ಟ್ಯಾಂಡನ್ನು ಮತ್ತೊಮ್ಮೆ ಒರೆಸಿದಳು.

"ಅವತ್ತು ನೀವು ಯಾಕೆ ಬಾಯಿ ಬಿಡ್ಲಿಲ್ಲ?" ಎಂದು ಯಶೋದಮ್ಮ ಕೊನೆಗೂ ಕೇಳಿದಳು. "ನಮ್ಮದಲ್ಲ ಅಂದಿದ್ರೆ ಮುಗೀತಿತ್ತು. ದಾಕ್ಷಾಯಿಣಿದು ಹೋಗಿಬಿಡ್ತಿತ್ತಲ್ಲ."

"ಹೋಗ್ತಿತ್ತು."

"ಮತ್ತೆ?"

"ಅವರು ನಂದು ಅಂದ್ಕೊಂಡ್ರಲ್ರಿ." ಶಿವಗಂಗಮ್ಮ ತನ್ನ ಬೆರಳ ತುದಿಯ ಸೂಜಿಗಾಯಗಳನ್ನು ನೋಡಿಕೊಂಡಳು. "ಒಂದು ಗಳಿಗೆ ಇರ್ಲಿ ಅನ್ನಿಸ್ತು. ಆ ಒಂದು ಗಳಿಗೆ ಉದ್ದ ಆಗಿಬಿಡ್ತು. ನೀವು ಕೂಗದೇ ಇದ್ದಿದ್ರೆ ಏನಾಗ್ತಿತ್ತೋ." ಆಮೇಲೆ, ಅದೇ ದನಿಯಲ್ಲಿ, "ನೀವು ಕೂಗಿದಾಗ ನಿಮ್ಮ ಮುಖ ನೋಡಿದೆ ಅಕ್ಕಾರೆ. ಎಲ್ಲಾರೂ ಅಂದಂಗ ಅಲ್ಲ ಅದು. ನಾ ಯಾರಿಗೂ ಹೇಳಂಗಿಲ್ಲ."

ಯಶೋದಮ್ಮನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ, ಎಷ್ಟೋ ದಿನದಿಂದ ಹೊತ್ತಿದ್ದ ಮೂಟೆಯನ್ನು ಯಾರೋ ಒಂದು ತುದಿಯಲ್ಲಿ ಹಿಡಿದಂತಾಯಿತು. ಅವಳೂ ನೆಲಕ್ಕೆ ಕೂತಳು.

"ಟಿ.ವಿ. ಇದ್ದಾಗ ಒಂದು ದಿನಾನೂ ಬರ್ಲಿಲ್ಲ ನೀವು."

"ಆಗ್ತಿರ್ಲಿಲ್ರಿ. ಹೊಟ್ಟಿ ಉರೀತಿತ್ತು."

"ಟಿ.ವಿ.ಗಾ?"

"ಟಿ.ವಿ. ತಗೊಂಡು ಏನ್ ಮಾಡ್ಲಿ." ಶಿವಗಂಗಮ್ಮ ಮೇಲೆ ಚಾವಣಿಯತ್ತ ಗಲ್ಲ ಎತ್ತಿದಳು. ಅಲ್ಲಿ ಉಗ್ರಪ್ಪನ ಸ್ಪ್ಯಾನರ್ ಟಣ್ ಟಣ್ ಎನ್ನುತ್ತಿತ್ತು. "ಅವರು ಮೇಲೆ ಹತ್ತಿ 'ಬಂತಾ' ಅಂತಾರಲ್ಲ. ನೀವು ಇಲ್ಲಿಂದ 'ಇನ್ನೂ ಇಲ್ಲ' ಅಂತೀರಲ್ಲ. ಗೋಡೆ ಆ ಕಡೆ ಎಲ್ಲಾ ಕೇಳಸ್ತದ. ಅದು ಕೇಳಬಾರದು ಅಂತ ಮಿಷನ್ನು ಜೋರಾಗಿ ತುಳೀತಿದ್ದೆ."

ಯಶೋದಮ್ಮ ಅವಳ ಮುಖವನ್ನೇ ನೋಡಿದಳು. ಈ ಹೆಂಗಸು ತನ್ನನ್ನು ಕಂಡು ಕರುಬಿದ್ದಳು. ಇನ್ನೊಂದು ಸಲ ಹೇಳಿ ಎಂದು ಕೇಳಬೇಕೆನಿಸಿತು, ಅಷ್ಟು ಸುಖವಾಗಿತ್ತು ಆ ಮಾತು. ಜೊತೆಗೇ ನಾಚಿಕೆಯೂ ಆಯಿತು. ಬಸ್ಸಿನಲ್ಲಿ ತಾಳಿ ಹುಡುಕಿದ ಬೆರಳುಗಳು ಈಗ ಸುಮ್ಮನೆ ಮಡಿಲಲ್ಲಿ ಇದ್ದವು.

ಮೇಲಿಂದ ಉಗ್ರಪ್ಪ ಕೂಗಿದ. "ಏಯ್! ವೈರ್ ಬಿಡ್ತಾ ಇದೀನಿ! ಬಂತಾ?"

ಕಪ್ಪು ವೈರು ಕಿಟಕಿಯ ಹೊರಗೆ ಇಳಿಯುತ್ತ ತೂಗಾಡಿತು. ಯಶೋದಮ್ಮ ಅಭ್ಯಾಸದಂತೆ ಬಾಯಿ ತೆರೆದಳು. ತೆರೆದ ಬಾಯಿಂದ ಕೂಗು ಬರಲಿಲ್ಲ.

"ಬಂತೇನೇ?"

ಅವಳು ಎದ್ದು ಕಿಟಕಿಯಿಂದ ಕೈ ಚಾಚಿ ವೈರನ್ನು ಹಿಡಿದು, ಎರಡು ಸಲ ಮೆಲ್ಲಗೆ ಜಗ್ಗಿದಳು. ಮೇಲೆ ಸ್ಪ್ಯಾನರಿನ ಸದ್ದು ನಿಂತಿತು. ಆಮೇಲೆ ಅವನೂ ಒಂದು ಸಲ ಜಗ್ಗಿದ. ವೈರು ಅವಳ ಕೈಯಲ್ಲಿ ಅಲುಗಿತು. ಅವಳು ಹಿಂದೆ ತಿರುಗಿ ನೋಡಲಿಲ್ಲ. ವೈರನ್ನು ಸುತ್ತತೊಡಗಿದಳು.